ಹಿಂಡಿನ ಹಿಂದೆ ಎಂಟು ದಿನ

ಫುಟ್‌ಬಾಲ್ ತರಬೇತುದಾರನಾಗಲು ಮೊದಲು ಬೇಕಾದ ಅರ್ಹತೆ ಒಂದು ಕೆಟ್ಟ ಮೊಣಕಾಲು. ಒಳ್ಳೆಯ ಮೊಣಕಾಲು ಇದ್ದವರು ಆಡುತ್ತಿರುತ್ತಾರೆ, ಕಲಿಸುವ ಗೋಜಿಗೆ ಬರುವುದಿಲ್ಲ. ನನಗೆ ಈ ಅರ್ಹತೆ ಇಪ್ಪತ್ತೊಂಬತ್ತನೆಯ ವಯಸ್ಸಿಗೇ ಪ್ರಾಪ್ತವಾಯಿತು. ಉಳಿದ ಪ್ರಮಾಣಪತ್ರಗಳನ್ನೆಲ್ಲ ಆಮೇಲೆ ಕುಂಟುತ್ತ ಹೋಗಿ ತಂದುಕೊಂಡೆ.

ಹೋದ ವರ್ಷ ನಿವೃತ್ತನಾದೆ. ಹೊಸದಾಗಿ ಕೊರಳಿಗೆ ಸೀಟಿ ಹಾಕಿಕೊಂಡು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಶಾಲೆಗಳಿಗೆ ಬಂದಿರುವ ಎಳೆಯರು ಆಗಾಗ ಮನೆಗೆ ಬಂದು, "ಸರ್ರ, ನಿಮ್ಮ ಅನುಭವ ಹೇಳ್ರಿ" ಎನ್ನುತ್ತಾರೆ. ಅವರಿಗೆ ಬೇಕಾಗಿರುವುದು ಗೆದ್ದ ಕಪ್ಪುಗಳ ಪಟ್ಟಿ. ಕಪ್ಪುಗಳು ಶಾಲೆಯ ಕಪಾಟಿನಲ್ಲಿವೆ, ಹೋಗಿ ನೋಡಬಹುದು. ಬಡ್ತಿಗಳು ಸೇವಾ ಪುಸ್ತಕದಲ್ಲಿವೆ, ಅವನ್ನು ಯಾರೂ ನೋಡಬೇಕಾಗಿಲ್ಲ. ನಾನು ಬರೆಯಹೊರಟಿರುವುದು ನನ್ನ ತಪ್ಪುಗಳನ್ನು, ಅದರಲ್ಲೂ ಮುಖ್ಯವಾಗಿ ಒಂದನ್ನು. ಆ ಒಂದು ತಪ್ಪಿನಿಂದ ಲಕ್ಕವ್ವ ಎಂಬ ಹುಡುಗಿಯ ಆಟ, ಓದು ಎರಡೂ ನಿಂತುಹೋಗುವುದರಲ್ಲಿದ್ದವು.

ನಾನು ಅಂಕಲಗಿಯವನು. ಹೊಲದಲ್ಲಿ ಹೆಂಟೆ ಒದ್ದು ಬೆಳೆದ ನನ್ನ ಕಾಲು ನೋಡಿ ನೂಲಿನ ಗಿರಣಿಯೊಂದರವರು ಕೆಲಸಕ್ಕೆ ತೆಗೆದುಕೊಂಡರು. ಕಾಗದದ ಮೇಲೆ ನಾನು ನೂಲು ಸುತ್ತುವ ಖಾತೆಯ ಕಾರ್ಮಿಕ. ಅಲ್ಲಿದ್ದಷ್ಟು ವರ್ಷ ನಾನು ಸುತ್ತಿದ ನೂಲಿನಿಂದ ಒಂದು ಗಾಳಿಪಟ ಹಾರಿಸುವುದೂ ಕಷ್ಟವಿತ್ತು. ನನ್ನ ನಿಜವಾದ ಕೆಲಸ ಗಿರಣಿಯ ತಂಡದಲ್ಲಿ ಹಿಂದೆ ನಿಂತು, ನುಗ್ಗಿ ಬಂದವರನ್ನು ತಡೆಯುವುದು. ಆಟಕ್ಕೇ ಪಗಾರ ಬರುತ್ತಿದ್ದುದರಿಂದ ನನ್ನನ್ನು ವೃತ್ತಿಪರ ಆಟಗಾರ ಎಂದು ಕರೆಯಲು ಅಡ್ಡಿಯಿಲ್ಲ. ನಮ್ಮವ್ವ ಮಾತ್ರ ಕೊನೆಯವರೆಗೂ ನಾನು ನೂಲು ಸುತ್ತುತ್ತೇನೆಂದೇ ನಂಬಿದ್ದಳು. ಆ ನಂಬಿಕೆಯನ್ನು ಕೆಡಿಸುವ ಧೈರ್ಯ ನನಗಿರಲಿಲ್ಲ.

ತಂಡವನ್ನು ನೋಡಿಕೊಳ್ಳುತ್ತಿದ್ದವರು ಪಲ್ಟನ್ನಿನಿಂದ ನಿವೃತ್ತರಾಗಿ ಬಂದ ಸುಬೇದಾರರು. ಅವರ ತರಬೇತಿ ಪದ್ಧತಿ ಎರಡು ಮಾತಿನದು: "ಓಡ್ರಿ" ಮತ್ತು "ಇನ್ನೂ ಓಡ್ರಿ". ಆಟದ ನಡುವೆ ನೀರು ಕುಡಿದರೆ ಶಿಸ್ತು ಕೆಡುತ್ತದೆ ಎಂಬುದು ಅವರ ಸಿದ್ಧಾಂತ. ಇಂದಿನವರು ಇದನ್ನು ಓದಿ ನಗಬಹುದು. ನಾವೂ ನಗುತ್ತಿದ್ದೆವು, ಅವರು ಆ ಕಡೆ ತಿರುಗಿದಾಗ.

ಒಮ್ಮೆ ಬೆಲ್ಲದ ಬಾಗೇವಾಡಿಯಲ್ಲಿ ಪಂದ್ಯ. ಹಿಂದಿನ ದಿನವೇ ನನ್ನ ಮೊಣಕಾಲು ಊದಿತ್ತು. ಪಟ್ಟಿ ಸುತ್ತಿ, ಮೇಲೆ ಉದ್ದ ಕಾಲುಚೀಲ ಎಳೆದುಕೊಂಡಿದ್ದೆ. ಸುಬೇದಾರರು ಕೇಳಿದರು:

"ಕಲ್ಲಪ್ಪ, ಕಾಲ ಹೆಂಗೈತಿ?"

"ಛಲೋ ಐತ್ರಿ."

ಇಪ್ಪತ್ತು ನಿಮಿಷ ಆಡಿದೆ. ಆಮೇಲೆ ಹಸಿ ಕಬ್ಬು ಮುರಿದಂಥ ಸಪ್ಪಳ ಬಂತು. ಅದು ನನ್ನ ಕಾಲಿನದೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಸುಬೇದಾರರು ನನ್ನನ್ನು ಹೆಗಲ ಮೇಲೆ ಹೊತ್ತು ಹೊರಗೆ ತಂದರು. ದವಾಖಾನೆಯಲ್ಲಿ ಮೂರು ದಿನ ನನ್ನ ಪಕ್ಕದಲ್ಲೇ ಕೂತು, ತಾವೇ ಲೋಟ ಹಿಡಿದು ನೀರು ಕುಡಿಸಿದರು. ಶಿಸ್ತಿನ ಮಾತು ಎತ್ತಲಿಲ್ಲ. ಬಿಟ್ಟು ಹೋಗುವಾಗ ಹೇಳಿದರು: "ತಪ್ಪ ನಂದ ಐತಿ. ಕಾಲ ಹೆಂಗೈತಿ ಅಂತ ಆಟಗಾರನ್ನ ಕೇಳಬಾರದು. ಅವಾ ಸುಳ್ಳ ಹೇಳತಾನ. ನಡಿಗಿ ನೋಡಬೇಕು."

ತರಬೇತುದಾರನಾಗಿ ನಾನು ಕಲಿತ ಮೊದಲ ಪಾಠ ಇದು. ಕಲಿತದ್ದು ಹಾಸಿಗೆಯ ಮೇಲೆ.

ಎರಡನೆಯ ಪಾಠ ಬಹಳ ವರ್ಷಗಳ ನಂತರ, ಬೆಳಗಾವಿಯಲ್ಲಿ. ಆಗ ನಾನು ಮೂಡಲಗಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ನಮ್ಮಂಥ ಮಾಸ್ತರರಿಗೆಂದು ನಡೆದ ಒಂದು ವಾರದ ಶಿಬಿರಕ್ಕೆ ಜರ್ಮನಿಯಿಂದ ಒಬ್ಬರು ಬಂದಿದ್ದರು. ತಮ್ಮ ದೇಶದಲ್ಲಿ ದೊಡ್ಡ ತಂಡಗಳಿಗೆ ಆಡಿ, ಕಾಲು ಕೆಟ್ಟ ಮೇಲೆ ತರಬೇತುದಾರರಾದವರು. ಅವರ ಹೆಸರು ನಮ್ಮ ಬಾಯಲ್ಲಿ ಹೊರಳದ ಕಾರಣ ಎಲ್ಲರೂ ಜರ್ಮನ್ ಕಾಕಾ ಎಂದೇ ಕರೆದೆವು. ಅವರ ಮಾತನ್ನು ಕನ್ನಡಕ್ಕೆ ತರುತ್ತಿದ್ದವರು ಚೆಂಡಿನ ಹತ್ತಿರವೇ ಸುಳಿಯದ ಒಬ್ಬ ಪ್ರಾಧ್ಯಾಪಕರು. ಕಾಕಾ ಐದು ನಿಮಿಷ ಕೈಬೀಸಿ ವಿವರಿಸಿದರೆ, ಇವರು ಗಂಭೀರವಾಗಿ, "ವೇಗವಾಗಿ ಒದೆಯಬೇಕಂತೆ" ಎನ್ನುತ್ತಿದ್ದರು.

ಎರಡನೆಯ ದಿನ ನಾನು ಕೂತಲ್ಲಿಂದ ಏಳುವುದನ್ನು ಕಾಕಾ ನೋಡಿದರು. ಹತ್ತಿರ ಬಂದು, ಏನೂ ಹೇಳದೆ, ತಮ್ಮ ಪ್ಯಾಂಟಿನ ಕಾಲು ಮೇಲೆ ಮಡಚಿ ಮೊಣಕಾಲಿನ ಗಾಯದ ಗುರುತು ತೋರಿಸಿದರು. ನಾನೂ ನನ್ನದನ್ನು ತೋರಿಸಿದೆ. ಅವರದು ಉದ್ದ, ನನ್ನದು ವಕ್ರ. ಇಬ್ಬರೂ ಸ್ವಲ್ಪ ಹೊತ್ತು ಪರಸ್ಪರರ ಮೊಣಕಾಲನ್ನು ಗೌರವದಿಂದ ನೋಡಿದೆವು. ಆ ಒಂದು ಸಂಭಾಷಣೆಗೆ ಪ್ರಾಧ್ಯಾಪಕರು ಬೇಕಾಗಲಿಲ್ಲ.

ಅವರು ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: ಚೆಂಡನ್ನು ಎಲ್ಲರೂ ನೋಡುತ್ತಾರೆ, ನೀವು ಚೆಂಡಿಲ್ಲದವರನ್ನು ನೋಡಿ. ನಾನು ಊರಿಗೆ ಬಂದು ಹಾಗೆಯೇ ನೋಡತೊಡಗಿದೆ. ಹಾಗೆ ನೋಡುತ್ತ ಕೆಲವು ವರ್ಷ ಕಳೆದ ಮೇಲೆ ಕಂಡವಳು ಲಕ್ಕವ್ವ.

ಆಗ ಅವಳು ಎಂಟನೆಯ ತರಗತಿ. ಕುರಿಗಾರರ ಮನೆಯ ಹುಡುಗಿ, ವಯಸ್ಸಿಗೆ ಮೀರಿದ ಎತ್ತರ. ಆಟದ ಅವಧಿಯಲ್ಲಿ ಉಳಿದ ಹುಡುಗಿಯರು ಚೆಂಡಿನ ಹಿಂದೆ ಬಿದ್ದರೆ ಇವಳು ಎಲ್ಲರಿಗಿಂತ ಹಿಂದೆ ನಿಂತು ಕೂಗುತ್ತಿದ್ದಳು: "ಏ ಸುಮಿ, ಎಡಕ್ಕ ಸರಿ. ನೀಲಿ, ಅಲ್ಲಿ ಕಂಡಿ ಬಿಟ್ಟೀ ನೋಡ." ನಡುನಡುವೆ, ಕುರಿಗೆ ಹಾಕುವಂಥ ಒಂದು ಸಿಳ್ಳು. ಇಡೀ ಅವಧಿ ಮುಗಿದರೂ ಅವಳ ಕಾಲಿಗೆ ಚೆಂಡು ತಾಗಿರಲಿಲ್ಲ. ಹುಡುಗಿಯರೆಲ್ಲ ಅವಳ ಸಿಳ್ಳಿಗೆ ಸರಿಯುತ್ತಿದ್ದರು, ನನ್ನ ಸೀಟಿಗಲ್ಲ.

"ಗೋಲ್‌ಕೀಪರ್ ಆಗ್ತೀಯೇನವಾ?" ಎಂದೆ.

"ಅಂದ್ರ ಏನ್ರಿ ಸರ್ರ?"

"ಹಿಂದ ನಿಂತು ಎಲ್ಲಾರ ಮ್ಯಾಲೂ ಕಣ್ಣ ಇಡೂದು. ಏನೂ ದಾಟಿ ಹೋಗದಂಗ ನೋಡಕೊಳ್ಳೂದು."

ಅವಳು ನಿರಾಶಳಾದಳು. "ಅದನ್ನ ಮನ್ಯಾಗ ದಿನಾ ಮಾಡ್ತೇನಲ್ರಿ. ಸಾಲ್ಯಾಗೂ ಅದನ್ನ ಮಾಡಬೇಕೇನ್ರಿ?"

ಒಂದು ವರ್ಷದಲ್ಲಿ ಅವಳು ನಮ್ಮ ತಾಲೂಕಿನ ಅತ್ಯುತ್ತಮ ಕೀಪರ್ ಆದಳು. ತೊಂದರೆ ಇದ್ದದ್ದು ಆಕಾಶದಲ್ಲಿ. ಮಳೆ ಹಿಡಿದರೆ ಕುರಿಗಳಿಗೆ ಹಸಿ ನೆಲ ಆಗುವುದಿಲ್ಲ, ಗೊರಸು ಕೊಳೆಯುತ್ತದೆ. ಒಣ ನೆಲ ಹುಡುಕಿಕೊಂಡು ಅವಳ ಅಪ್ಪ ಸಿದ್ದಪ್ಪನ ಹಿಂಡು ಮೂಡಣಕ್ಕೆ ಹೊರಡುತ್ತಿತ್ತು. ಲಕ್ಕವ್ವನೂ ಜೊತೆಗೆ ಹೋಗುತ್ತಿದ್ದಳು, ದೀಪಾವಳಿಯ ನಂತರ ಶಾಲೆಗೆ ಬರುತ್ತಿದ್ದಳು. ಶಾಲಾ ಪಂದ್ಯಾವಳಿಗಳು ನಡೆಯುವುದು ಸರಿಯಾಗಿ ಆ ಮಳೆಗಾಲದಲ್ಲಿ.

ಅವಳು ಒಂಬತ್ತಕ್ಕೆ ಬಂದ ವರ್ಷ ಸಿದ್ದಪ್ಪ ನನಗೆ ನೇರವಾಗಿ ಹೇಳಿದ: ಈ ಸಲ ಹೊರಟರೆ ಹುಡುಗಿ ಮತ್ತೆ ಶಾಲೆಗೆ ಬರುವುದಿಲ್ಲ, ಹಿಂಡಿನ ಹಿಂದೆ ನಡೆಯಲು ಕಾಯಂ ಆಳು ಬೇಕು. ನಾನೂ ನೇರವಾಗಿ ಹೇಳಿದೆ: ಹುಕ್ಕೇರಿಯಲ್ಲಿ ಜಿಲ್ಲಾ ಮಟ್ಟದ ಪಂದ್ಯ ಇದೆ, ಅಲ್ಲಿ ಕ್ರೀಡಾ ವಸತಿ ಶಾಲೆಗೆ ಹುಡುಗಿಯರನ್ನು ಆರಿಸುತ್ತಾರೆ. ಆರಿಸಿದರೆ ಊಟ, ವಸತಿ, ಓದು, ಆಟ ಎಲ್ಲ ಅಲ್ಲೇ. ಸಿದ್ದಪ್ಪ ಬೀಡಿ ಹಚ್ಚಿ ಯೋಚಿಸಿದ.

"ಹುಕ್ಕೇರಿ ಆಟ ಆಗೂಮಟಾ ನಿಲ್ತೇನ್ರಿ. ಆರಿಸಿದ್ರ ಆಮ್ಯಾಲ ನೋಡೂಣು. ಇಲ್ಲಂದ್ರ ಆಕಿ ನನ್ನ ಹಿಂದ ಬರೂದ. ಆದ್ರ ಅಲ್ಲೀತನಕ ಕುರಿ ಎಲ್ಲಿ ನಿಲ್ಲಸ್ಲಿ?"

ಇಲ್ಲಿ ನನ್ನ ಬುದ್ಧಿ ಮಿಂಚಿತು. ನಮ್ಮ ಕಡೆ ರೈತರು ಖಾಲಿ ಹೊಲದಲ್ಲಿ ಕುರಿಹಿಂಡು ನಿಲ್ಲಿಸಿಕೊಳ್ಳುತ್ತಾರೆ. ಹಿಕ್ಕೆಯೇ ಗೊಬ್ಬರ, ಮುಂದಿನ ಬೆಳೆ ಸೊಗಸಾಗಿ ಬರುತ್ತದೆ. ನಮ್ಮ ಶಾಲೆಯ ಮೈದಾನವೋ ಕಲ್ಲಿನಂಥದು, ಒಂದು ಗರಿಕೆಯೂ ಇಲ್ಲ. ಲಕ್ಕವ್ವ ಹಾರಿ ಬಿದ್ದಾಗಲೆಲ್ಲ ಮೊಣಕೈಯ ಚರ್ಮ ಅಲ್ಲೇ ಉಳಿಯುತ್ತಿತ್ತು. ಮೈದಾನದಲ್ಲಿ ಕುರಿ ನಿಲ್ಲಿಸಿದರೆ ಹುಲ್ಲೂ ಬರುತ್ತದೆ, ಕೀಪರ್ ಕೂಡ ಉಳಿಯುತ್ತಾಳೆ. "ಮೈದಾನದ ಸಾವಯವ ಅಭಿವೃದ್ಧಿ" ಎಂಬ ತಲೆಬರಹ ಕೊಟ್ಟು ಹೆಡ್ ಮಾಸ್ತರರಿಗೆ ಅರ್ಜಿ ಬರೆದೆ. ಸಾವಯವ ಎಂಬ ಶಬ್ದ ನೋಡಿ ಅವರು ಎರಡನೆಯ ಸಾಲನ್ನು ಓದದೆ ಸಹಿ ಹಾಕಿದರು.

ಶಾಲೆ ತೆರೆಯುವ ಮುನ್ನ ಹದಿನೈದು ದಿನ ನೂರೈವತ್ತು ಕುರಿ ಮೈದಾನದಲ್ಲಿ ತಂಗಿದವು. ಆಮೇಲೆ ಸಿದ್ದಪ್ಪ ಹಿಂಡನ್ನು ಶಾಲೆಯ ಹಿಂದಿನ ಬೀಳು ಜಾಗಕ್ಕೆ ಹೊಡೆದುಕೊಂಡು ಹೋದ. ಮಳೆ ಬಂತು, ಹಸಿರೂ ಬಂತು. ನಾನು ದಿನಾ ಮುಂಜಾನೆ ಅದರ ಸುತ್ತ, ಹೊಸದಾಗಿ ತೋಟ ಮಾಡಿದ ಧಣಿಯ ಹಾಗೆ, ಕೈ ಹಿಂದೆ ಕಟ್ಟಿ ತಿರುಗಾಡಿದೆ. ಮೂಡಲಗಿಯಲ್ಲಿ ನಡೆದ ತಾಲೂಕು ಪಂದ್ಯವನ್ನು ಹುಡುಗಿಯರು ಗೆದ್ದು ಬಂದರು. ನನ್ನ ತಿರುಗಾಟ ಇನ್ನಷ್ಟು ನಿಧಾನವಾಯಿತು.

ಹುಕ್ಕೇರಿಯ ಪಂದ್ಯಕ್ಕೆ ಆರು ದಿನ ಇತ್ತು. ಅಭ್ಯಾಸದಲ್ಲಿ ಲಕ್ಕವ್ವ ಎಡಕ್ಕೆ ಹಾರಿ ಚೆಂಡು ಹಿಡಿದಳು. ಎದ್ದಾಗ ಅಂಗೈಯಲ್ಲಿ ಎರಡು ಬಿಳಿ ಮುಳ್ಳು. ಬರಿಗಾಲಲ್ಲಿ ಓಡುತ್ತಿದ್ದ ಸುಮಿತ್ರಾ ಅಲ್ಲೇ ಕೂತುಬಿಟ್ಟಳು. ಬಗ್ಗಿ ನೋಡಿದೆ. ನಾನು ಹುಲ್ಲೆಂದು ಮೆಚ್ಚಿಕೊಂಡಿದ್ದರಲ್ಲಿ ಅರ್ಧ ಜಾಲಿ ಸಸಿ. ಮೈದಾನದ ಈ ತುದಿಯಿಂದ ಆ ತುದಿಗೆ, ಗೇಣುದ್ದ, ದಟ್ಟವಾಗಿ, ಸಾವಯವವಾಗಿ ಬೆಳೆದಿದ್ದವು.

ಸಿದ್ದಪ್ಪನನ್ನು ಕರೆಸಿದೆ. ಅವನು ಒಂದು ಸಸಿ ಕಿತ್ತು ನೋಡಿ, ಆಶ್ಚರ್ಯವೇನೂ ಪಡದೆ ಹೇಳಿದ: "ಜಾಲಿರಿ. ಬ್ಯಾಸಗ್ಯಾಗ ಹುಲ್ಲ ಎಲ್ಲಿರತೈತಿ, ಜಾಲಿಕಾಯಿ ಉದರಿಸಿ ಕುರಿಗೆ ಹಾಕ್ತೇವಿ. ಕಾಯಿ ಕರಗತೈತಿ, ಬೀಜ ಕರಗಂಗಿಲ್ಲ. ಹಿಕ್ಯಾಗ ಬೀಳತೈತಿ."

"ನಿನಗ ಗೊತ್ತಿತ್ತೇನು?"

"ಎಲ್ಲಾರಿಗೂ ಗೊತ್ತೈತ್ರಿ. ಹೊಲದಾಗಾದ್ರ ಸಸಿ ಎದ್ದ ಕೂಡ್ಲೆ ಎತ್ತ ಕಟ್ಟಿ ಕುಂಟಿ ಹೊಡದ ಬೇರ ಕೀಳತಾರ. ಸಾಲಿಗೆ ಯಾರ ಹೊಡೀತಾರ ಅಂತ ನಾನೂ ವಿಚಾರ ಮಾಡೀದ್ನಿ."

"ಮತ್ತ ಹೇಳೂದಲ್ಲೇನೋ ಮಾರಾಯಾ?"

"ನೀವ ಮಾಸ್ತರು. ನೀವ ಕೇಳಲಿಲ್ಲಲ್ರಿ."

ಆಟಗಾರನನ್ನು ಕೇಳಬಾರದು ಎಂದು ಸುಬೇದಾರರು ಹೇಳಿದ್ದು ನಿಜ. ಕುರಿಗಾರನನ್ನು ಕೇಳಬಾರದು ಎಂದು ಅವರು ಹೇಳಿರಲಿಲ್ಲ. ಈ ವೃತ್ತಿಗೆ ಬರುವವರು ಎರಡನ್ನೂ ಬೇರೆಬೇರೆ ಬರೆದಿಟ್ಟುಕೊಳ್ಳಬೇಕು.

ಹೆಡ್ ಮಾಸ್ತರರು ಮೈದಾನದ ನಡುವೆ ಚಪ್ಪಲಿ ಹಾಕಿಕೊಂಡು ನಿಂತು, ಸುತ್ತ ನೋಡಿ ಹೇಳಿದರು: "ಕಲ್ಲಪ್ಪ ಮಾಸ್ತರ, ಅಭಿವೃದ್ಧಿ ಅಂತ ಬರದಿದ್ರಿ. ಯಾತರ ಅಭಿವೃದ್ಧಿ ಅಂತ ಕೇಳಲಿಲ್ಲ, ಅದು ನನ್ನ ತಪ್ಪ. ನಾಡದಿಗೆ ಹಿಂಡ ಇಲ್ಲಿಂದ ಹೋಗಬೇಕು." ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಏನೂ ಸಿಗಲಿಲ್ಲ.

ಸಂಜೆ ಬೀಳು ಜಾಗಕ್ಕೆ ಹೋದೆ. ಸಿದ್ದಪ್ಪ ಒಂದು ಕುರಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಗೊರಸಿಗೆ ಔಷಧ ಹಚ್ಚುತ್ತಿದ್ದ. ಅವನ ಹೆಂಡತಿ ಯಲ್ಲವ್ವ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಇನ್ನೂ ಐದಾರು ಕುರಿ ಕುಂಟುತ್ತಿದ್ದವು. ನಾನು ಬಂದ ವಿಷಯ ಹೇಳುವ ಮೊದಲೇ ಅವನು ಹೇಳಿದ:

"ಸರ್ರ, ನಿಮ್ಮ ಮಾತಿಗೆ ತಿಂಗಳ ಮ್ಯಾಲ ನಿಂತೇನಿ. ಇನ್ನ ನಿಂತ್ರ ಇವು ಉಳ್ಯಾಂಗಿಲ್ಲ. ಸಾಹೇಬ್ರು ಹೋಗ ಅನ್ನೂದೂ ಬ್ಯಾಡ, ನಾಳಿಗೆ ನಾನ ಹೊಂಟೇನಿ."

"ಲಕ್ಕವ್ವನ್ನ ಬಿಟ್ಟ ಹೋಗು. ಸುನಂದಾ ಅಕ್ಕಾರ ಮನ್ಯಾಗ ಇರ್ತಾಳ." ಸುನಂದಾ ಅಕ್ಕಾರು ನಮ್ಮ ಶಾಲೆಯ ಹಿಂದಿ ಶಿಕ್ಷಕಿ. ಅವರನ್ನು ಆಗಲೇ ಒಪ್ಪಿಸಿ ಬಂದಿದ್ದೆ.

"ಇರಾಕ ತ್ರಾಸ ಇಲ್ರಿ. ಹಿಂಡಿನ ಮುಂದ ನಾ ಬೇಕು. ಈಕಿ ಕುದರಿ ಮ್ಯಾಲ ಮರಿ, ಗಡಗಿ ಹೇರಕೊಂಡ ಮುಂದ ಹೋಗಿ ಅಡಗಿ ಮಾಡಬೇಕು. ಹಿಂದ ಲಕ್ಕಿ ನಡೀಬೇಕು. ಹಿಂದ ಯಾರೂ ಇಲ್ಲಂದ್ರ ಹಿಂಡ ಹರದ ಹೊಕ್ಕೈತಿ. ನನ್ನ ಹೆಂಡತಿ ತಮ್ಮ ಬರ್ತಾನು, ಬರಾಕ ಎಂಟ ದಿನ ಬೇಕು."

ಎಂಟು ದಿನ. ಹುಕ್ಕೇರಿಯ ಆಟ ಆರನೆಯ ದಿನಕ್ಕಿತ್ತು.

"ಎಂಟ ದಿನ ಹಿಂದ ನಾ ನಡೀತೇನಿ" ಎಂದೆ.

ಯಲ್ಲವ್ವನ ರೊಟ್ಟಿಯ ಸಪ್ಪಳ ನಿಂತಿತು. ಸಿದ್ದಪ್ಪ ಕುರಿಯ ಕಾಲು ಕೆಳಗಿಟ್ಟ. "ನಿಮ್ಮ ಕಾಲ?"

"ಛಲೋ ಐತಿ."

"ಎದ್ದ ಅಲ್ಲೀತನಕ ನಡ್ರಿ ನೋಡೂಣು."

ನಡೆದೆ. ಅವನು ಗೊರಸು ನೋಡಿದ ಕಣ್ಣಿನಿಂದಲೇ ನನ್ನ ಮೊಣಕಾಲನ್ನೂ ನೋಡಿದ. "ಎಡಗಾಲ ಕೆಟ್ಟೈತಿ," ಎಂದು ನಿರ್ಣಯ ಕೊಟ್ಟ. "ಇರ್ಲಿ. ಕುಂಟ ಕುರೀನೂ ಅದಾವು. ಅವುಗಳ ಜೋಡಿ ಬರ್ರಿ."

ಮರುದಿನ ಮುಂಜಾನೆ ಸಿದ್ದಪ್ಪ, ಯಲ್ಲವ್ವ ಮತ್ತು ಹುಡುಗಿಯರೆಲ್ಲ ಕುರಪಿ ಹಿಡಿದು ಕೂತು ಗೋಲಿನ ಮುಂದಿನ ಜಾಲಿಯನ್ನಾದರೂ ಬೇರುಸಹಿತ ಕಿತ್ತರು. ಹೆಡ್ ಮಾಸ್ತರರೂ ಪಂಚೆ ಮೇಲೆ ಕಟ್ಟಿ ಒಂದು ಸಾಲು ಕಿತ್ತರು. ಆಮೇಲೆ ನನ್ನ ರಜೆಯ ಅರ್ಜಿ ಕೈಗೆತ್ತಿಕೊಂಡು, "ಕಾರಣ ಕುರಿ ಕಾಯಾಕ ಅಂತ ಬರದೀರಿ. ಇದನ್ನ ನಾ ಮ್ಯಾಲ ಕಳಿಸಲ್ಯಾ?" ಎಂದರು. ತಾವೇ ಅದನ್ನು ಹೊಡೆದು ಹಾಕಿ, "ವೈಯಕ್ತಿಕ" ಎಂದು ತಿದ್ದಿದರು. ನಾನು ಕಂಡ ಮೇಲಧಿಕಾರಿಗಳಲ್ಲಿ ಅವರನ್ನು ಒಳ್ಳೆಯವರ ಪೈಕಿ ಸೇರಿಸಿದ್ದು ಆ ಒಂದು ತಿದ್ದುಪಡಿಗಾಗಿ.

ಹೊರಡುವಾಗ ಲಕ್ಕವ್ವ ಬಂದು ನಿಂತಳು. ಪಂದ್ಯದ ಬಗ್ಗೆ ಕೊನೆಯ ಸೂಚನೆ ಕೊಡಲು ಬಾಯಿ ತೆರೆದೆ. ಅವಳೇ ಮೊದಲು ಶುರುಮಾಡಿದಳು:

"ಸರ್ರ, ಕರೇ ಹೋತ ಒಂದೈತ್ರಿ, ಅದರ ಮ್ಯಾಲ ಕಣ್ಣ ಇರ್ಲಿ. ಬಲಕ್ಕ ನೋಡತೈತಿ, ಎಡಕ್ಕ ಹೊಕ್ಕೈತಿ. ಅದರ ಮಾರಿ ನೋಡಬ್ಯಾಡ್ರಿ, ಮುಂಗಾಲ ನೋಡ್ರಿ."

"ಆತು" ಎಂದೆ. ತರಬೇತುದಾರನ ಸೂಚನೆ ಕೇಳುವಾಗ ಆಟಗಾರ ಎದುರು ಮಾತಾಡಬಾರದು.

ಹೀಗೆ ತಂಡ ಸುನಂದಾ ಅಕ್ಕಾರ ಜೊತೆ ಪಡುವಣಕ್ಕೆ ಹುಕ್ಕೇರಿಗೆ ಸಿದ್ಧವಾಗುತ್ತಿದ್ದಾಗ ಅದರ ತರಬೇತುದಾರ ಮೂಡಣಕ್ಕೆ, ಕೌಜಲಗಿಯ ದಾರಿ ಹಿಡಿದು, ಕೈಯಲ್ಲಿ ಕೋಲು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹೊರಟ. ನಾಯಿ ಎರಡು ದಿನ ನನ್ನನ್ನು ಕಳ್ಳನೆಂದೇ ಭಾವಿಸಿತ್ತು. ಮೂರನೆಯ ದಿನ ಅದಕ್ಕೆ ನನ್ನ ಮೇಲೆ ಕನಿಕರ ಹುಟ್ಟಿ ಪಕ್ಕದಲ್ಲಿ ನಡೆಯತೊಡಗಿತು. ಹಿಂಡಿನ ಹಿಂದೆ ನಡೆಯುವವನಿಗೆ ಎಲ್ಲವೂ ಕಾಣುತ್ತದೆ. ಯಾವುದು ದಣಿದಿದೆ, ಯಾವುದು ಹೆದರಿದೆ, ಯಾವ ಎರಡರ ನಡುವೆ ಕಂಡಿ ಬೀಳುತ್ತಿದೆ. ಇಪ್ಪತ್ತೈದು ವರ್ಷ ಗೆರೆಯ ಹೊರಗೆ ನಿಂತು ಕೂಗಿದ ನನಗೆ, ಆ ಹುಡುಗಿ ಎಂಟನೆಯ ತರಗತಿಗೆ ಬರುವಾಗಲೇ ನನಗಿಂತ ಎಷ್ಟು ಹೆಚ್ಚು ಆಟ ನೋಡಿದ್ದಳು ಎಂದು ಆಗ ತಿಳಿಯಿತು.

ನಾಲ್ಕನೆಯ ದಿನ ಕರೇ ಹೋತ ಬಲಕ್ಕೆ ನೋಡಿತು. ನಾನು ಅದರ ಮುಖವನ್ನೇ ನೋಡಿದೆ. ಅದು ಎಡಕ್ಕೆ ಹೋಯಿತು, ಹಿಂದೆ ಹನ್ನೆರಡು ಕುರಿ. ಗೋವಿನಜೋಳದ ಹೊಲದಿಂದ ಬೈಯುತ್ತ ಓಡಿ ಬಂದವನು ನನ್ನನ್ನು ಕಂಡು ನಿಂತುಬಿಟ್ಟ. ಹಣಮಂತ, ಎಷ್ಟೋ ವರ್ಷದ ಹಿಂದೆ ನಮ್ಮ ಶಾಲೆಯ ಬಲಬದಿಯ ರಕ್ಷಕ.

"ಸರ್ರ, ನೀವ? ಏನಾತ್ರಿ, ನೌಕರಿ ಹೋತೇನ್ರಿ?"

"ಇಲ್ಲೋ. ರಜಾದಾಗ ಅದೇನಿ."

ಅವನು ತುಳಿದ ಬೆಳೆಯನ್ನೂ ನನ್ನನ್ನೂ ನೋಡಿ ಹೇಳಿದ: "ಲೈನ್ ಬಿಡಬ್ಯಾಡ, ಲೈನ್ ಬಿಡಬ್ಯಾಡ ಅಂತ ನನ್ನ ಜೀವಾ ತಗದಿದ್ರಿ. ಈಗ ನಿಮ್ಮ ಲೈನ್ ನೋಡ್ರಿ." ಬೈಯುವುದನ್ನು ಬಿಟ್ಟು ಹನ್ನೆರಡನ್ನೂ ತಾನೇ ಹೊರಗೆ ಹೊಡೆದುಕೊಟ್ಟ. ಚಹಾ ಕುಡಿಸಿಯೇ ಕಳಿಸಿದ.

ಆರನೆಯ ದಿನ. ಮುಂಜಾನೆಯಿಂದ ನಾವು ಮೂವರೂ ಹುಕ್ಕೇರಿಯ ಹೆಸರು ಎತ್ತಲಿಲ್ಲ. ಫೋನು ಸಿದ್ದಪ್ಪನ ಅಂಗಿಯ ಒಳಜೇಬಿನಲ್ಲಿತ್ತು. ದಾರಿಯಲ್ಲಿ ದಿಬ್ಬ ಸಿಕ್ಕಾಗಲೆಲ್ಲ ಅವನು ಕುರಿ ಮೇಯಲೆಂದು ನಿಲ್ಲುತ್ತಿದ್ದ. ಆ ದಿಬ್ಬಗಳ ಮೇಲೆ ಮೇವೇನೂ ಇರಲಿಲ್ಲ, ಫೋನಿನ ರೇಂಜ್ ಇತ್ತು. ಇಳಿಹೊತ್ತಿಗೆ ಅದು ರಿಂಗಾಯಿತು. ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಲಕ್ಕಿ? ಉಂಡ್ಯಾ? ಹೂಂ. ಏನ ಉಂಡಿ?" ಇಷ್ಟೇ ಕೇಳಿ ಫೋನು ನನ್ನ ಕೈಗಿಟ್ಟ.

"ಸೋತ್ವಿರಿ ಸರ್ರ," ಎಂದಳು ಆ ಕಡೆಯಿಂದ. "ಒಂದ ಗೋಲಿನಿಂದ. ಅದೂ ನನ್ನ ತಪ್ಪ, ಮಾರಿ ನೋಡಿಬಿಟ್ನಿ. ಆದ್ರ ಹೆಸರ ಬರಕೊಂಡ್ರಿ. ಇಡೀ ಜಿಲ್ಲಾದಾಗ ಕೀಪರ್ ಅಂತ ನನ್ನೊಬ್ಬಾಕೀನ್ನ ಬರಕೊಂಡಾರ. ಅಪ್ಪಗ ನೀವ ಹೇಳ್ರಿ. ನನಗ ಅಂಜಿಕಿ ಆಗತೈತಿ."

ಹೇಳಿದೆ. ಯಲ್ಲವ್ವ ಕೇಳಿದಳು: "ಅಲ್ಲಿ ರೊಟ್ಟಿ ಕೊಡ್ತಾರೋ, ಬರೇ ಅನ್ನಾನೋ?" ರೊಟ್ಟಿಯನ್ನೂ ಕೊಡುತ್ತಾರೆ ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕುದುರೆಯ ಹಗ್ಗ ಸರಿಮಾಡಿದಳು. ಸಿದ್ದಪ್ಪ ಫೋನನ್ನು ಒಳಜೇಬಿಗೆ ಇಳಿಸಿ ಕೇಳಿದ.

"ಒಂದ ಕಡೆ ಎಷ್ಟ ಹುಡಗ್ಯಾರ ಮಲಗ್ತಾರ್ರಿ?"

"ಮೂವತ್ತ ಮಂದಿ ಅಂತ."

"ಸಣ್ಣ ಹಿಂಡ." ಮುಂದೆ ನಾಲ್ಕು ಹೆಜ್ಜೆ ನಡೆದು ಮತ್ತೆ ಬಂದ. "ಅಂಚಿಗೆ ಯಾರ ಮಲಗ್ತಾರ?"

ಹಿಂಡು ಮಲಗಿದಾಗ ಒಬ್ಬ ಅಂಚಿನಲ್ಲಿ ಮಲಗಬೇಕು, ತೋಳದ ಕಡೆಗೆ ಮುಖ ಮಾಡಿ. ಅಲ್ಲಿ ಮೇಲ್ವಿಚಾರಕಿ ಒಬ್ಬರಿದ್ದಾರೆ ಎಂದೆ.

"ಆಕಿ ಎಚ್ಚರ ಹೆಂಗೈತಿ?"

ಇಪ್ಪತ್ತೈದು ವರ್ಷದಲ್ಲಿ ಎಷ್ಟೋ ಮಕ್ಕಳನ್ನು ಎಷ್ಟೋ ವಸತಿ ಶಾಲೆಗೆ ಕಳಿಸಿದ್ದೆ. ಈ ಪ್ರಶ್ನೆಯನ್ನು ನಾನೆಂದೂ ಕೇಳಿರಲಿಲ್ಲ. "ಗೊತ್ತಿಲ್ಲ" ಎಂದೆ.

"ನೋಡಿ ಬರ್ರಿ. ನೀವ ಹೂಂ ಅಂದ್ರ ಕಳಸ್ತೇನಿ. ಇಲ್ಲಂದ್ರ ಇಲ್ಲ." ಕುರಿಗಳತ್ತ ತಿರುಗಿ, "ಇನ್ನ ಎರಡ ದಿನ ಐತಿ, ಮಾಸ್ತರ. ಹಿಂದ ನಡ್ರಿ" ಎಂದ.

ಎರಡು ದಿನ ನಡೆದೆ. ಯಲ್ಲವ್ವನ ತಮ್ಮ ಬಂದ ಮೇಲೆ ಬಸ್ಸು ಹಿಡಿದು ನೇರ ಆ ವಸತಿ ಶಾಲೆಗೆ ಹೋದೆ. ಮಧ್ಯಾಹ್ನದ ಊಟವಾಗಿ ಎಂಥ ಕಾವಲುಗಾರನಿಗೂ ಕಣ್ಣು ಹತ್ತುವ ಹೊತ್ತನ್ನೇ ಆರಿಸಿಕೊಂಡಿದ್ದೆ. ಓಣಿಯಲ್ಲಿ ಯಾರೂ ಇರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಕೆಟ್ಟ ಕಾಲನ್ನು ಸದ್ದಾಗದಂತೆ ಎತ್ತಿಡುತ್ತ ಹುಡುಗಿಯರ ವಸತಿಯ ಬಾಗಿಲವರೆಗೆ ಹೋದೆ. ಚಿಲಕದ ಮೇಲೆ ಇನ್ನೂ ಕೈ ಇಟ್ಟಿರಲಿಲ್ಲ.

"ಯಾರ್ರಿ ಅದು? ಅಲ್ಲೇ ನಿಲ್ರಿ."

ಒಳಗಿನಿಂದ ವಯಸ್ಸಾದ ಮೇಲ್ವಿಚಾರಕಿ ಕಸಬರಿಗೆ ಹಿಡಿದು ಬಂದರು. ಕೈಯಲ್ಲಿ ಚಪ್ಪಲಿ ಹಿಡಿದು ನಿಂತ ನಾನು ಸರ್ಕಾರಿ ಶಿಕ್ಷಕನೆಂದು ಅವರನ್ನು ನಂಬಿಸಲು ಕಾಲು ಗಂಟೆ ಬೇಕಾಯಿತು. ಹೊರಗೆ ಬಂದು ಅಲ್ಲೇ ಕಟ್ಟೆಯ ಮೇಲೆ ಕೂತು ಸಿದ್ದಪ್ಪನಿಗೆ ಫೋನು ಮಾಡಿದೆ.

"ಎಚ್ಚರ ಅದಾರ" ಎಂದೆ.

"ಖರೇನ?"

"ಖರೆ. ನನ್ನ ಹಿಡದ್ರು."

ಅವನು ಯಲ್ಲವ್ವನನ್ನು ಕೂಗಿ ಹತ್ತಿರ ಕರೆದದ್ದು ಕೇಳಿಸಿತು.

"ಹಂಗಾರ ಕಳಸ್ತೇನ್ರಿ," ಎಂದ. "ಆಕಿಗೆ ಹೇಳ್ರಿ, ಅಂಚಿಗೆ ಆಕಿ ಮಲಗೂದ ಬ್ಯಾಡ. ನಡುವ ಮಲಗಲಿ."